ಗೊತ್ತಿದ್ದೂ ಸುಮ್ಮನಿದ್ದ ಎಂಟು ದಿನ

ಹಳ್ಳಿಯ ಬದುಕೇ ಸುಖ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಹೇಳುವವರ ಉಗುರಿನ ಸಂದಿಯಲ್ಲಿ ಒಂದು ದಿನವೂ ನಾನು ಕೆಸರು ನೋಡಿಲ್ಲ. ಬೆಳಿಗ್ಗೆ ಹಕ್ಕಿ ಕೂಗುವುದು ಕೇಳಿಸುತ್ತದಂತೆ, ಗಾಳಿ ಚೆನ್ನಾಗಿರುತ್ತದಂತೆ, ಅಕ್ಕಪಕ್ಕದವರು ಒಂದೇ ಮನೆಯವರ ಹಾಗೆ ಇರುತ್ತಾರಂತೆ. ಹಕ್ಕಿ ಶಿವಮೊಗ್ಗದಲ್ಲೂ ಕೂಗುತ್ತದೆ. ಕೇಳಿಸಿಕೊಳ್ಳಲು ಇವರಿಗೆ ಪುರುಸೊತ್ತಿರಲಿಲ್ಲ, ಅಷ್ಟೆ. ಅಕ್ಕಪಕ್ಕದವರ ವಿಷಯ ಬೇಕಿದ್ದರೆ ನನ್ನನ್ನು ಕೇಳಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕುಂಸಿಯ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ಐದು ವರ್ಷ ಬಾಳಿದೆ. ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಭದ್ರಾವತಿಗೆ ಹೋಗಿ, ಮೊದಲು ಕ್ವಾರ್ಟರ್ಸಿನಲ್ಲಿ, ಆಮೇಲೆ ಬಾಡಿಗೆ ಮನೆಯಲ್ಲಿ, ನಲವತ್ತು ವರ್ಷ ಬಾಳಿದೆ. ಆಮೇಲೆ ಮತ್ತೆ ಅದೇ ಹಳ್ಳಿ. ಅಕ್ಕಪಕ್ಕದವರನ್ನು ನಾನು ನೋಡಿದಷ್ಟು ಇವರ್ಯಾರೂ ನೋಡಿಲ್ಲ.

ಮತ್ತೆ ಆ ಹಳ್ಳಿಗೆ ಹೋಗಿದ್ದು ನನ್ನ ಆಸೆಯಿಂದಲ್ಲ. ನನ್ನ ಗಂಡ ಹೋಗಿ ಆರು ವರ್ಷವಾಗಿತ್ತು. ಮಗ ಭದ್ರಾವತಿ ಹತ್ತಿರದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಲೇತ್ ಶಾಪಿನಲ್ಲಿ ಕೆಲಸಕ್ಕಿದ್ದ. ಅದರ ಮಾಲೀಕ ಬಾಗಿಲು ಹಾಕಿದ. ಮಗ ಪಕ್ಕದ ಇನ್ನೊಂದು ಶೆಡ್ಡಿಗೆ ಸೇರಿಕೊಳ್ಳಬಹುದಿತ್ತು, ಕರೆಯುವವರೂ ಇದ್ದರು. ಆದರೆ ಸೊಸೆಯ ತಲೆಯಲ್ಲಿ ಹಳ್ಳಿ ಹೊಕ್ಕು ಕೂತಿತ್ತು. ಅವಳು ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯ ಹಿಂದಿನ ಮನೆಯಲ್ಲಿ ಹುಟ್ಟಿ ಬೆಳೆದವಳು. ಭತ್ತ ಹೇಗಿರುತ್ತದೆ ಎಂದು ಕೇಳಿದರೆ ಅಕ್ಕಿ ಮೂಟೆ ತೋರಿಸುತ್ತಿದ್ದಳು. ದಿನಾ ಫೋನಿನಲ್ಲಿ ಒಬ್ಬ ಹೆಂಗಸು ಹಳ್ಳದ ಪಕ್ಕದಲ್ಲಿ ಮಣ್ಣಿನ ಮಡಕೆ ಇಟ್ಟು ಅಡುಗೆ ಮಾಡುವುದನ್ನು ನೋಡುತ್ತಿದ್ದಳು. ಆ ಹೆಂಗಸಿನ ಸೀರೆಗೆ ಮಸಿ ಹತ್ತಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

“ಅತ್ತೆ, ಅಲ್ಲಿ ನಮ್ದೇ ಗದ್ದೆ ಇದೆ, ಮನೆ ಇದೆ. ಇಲ್ಲಿ ನಾಲ್ಕು ಗೋಡೆ ನೋಡ್ಕೊಂಡು ಯಾಕೆ ಕೂತಿರ್ಬೇಕು?” ಎಂದಳು.

“ಗೋಡೆ ಸಗಣಿ ಹಾಕಲ್ಲ ಕಣಮ್ಮ” ಎಂದೆ.

“ನೀವು ಎಲ್ಲದಕ್ಕೂ ಹೀಗೇ. ಅಲ್ಲಿ ಜನ ಜನಕ್ಕೆ ಆಗ್ತಾರೆ ಅತ್ತೆ.”

“ಆಗ್ತಾರೆ. ಆಗಿ ಆಗಿಯೇ ನಾನು ಅಲ್ಲಿಂದ ಓಡಿ ಬಂದಿದ್ದು.”

ಮಗ ನಡುವೆ ಬಾಯಿ ಹಾಕಲಿಲ್ಲ. ಅವನದು ಅವನಪ್ಪನ ಸ್ವಭಾವ, ಹೆಂಗಸರಿಬ್ಬರು ಮಾತಾಡುವಾಗ ಚಪ್ಪಲಿ ಹುಡುಕುತ್ತಾನೆ. ಕೊನೆಗೆ ಒಂದು ಮಾತು ಹೇಳಿದ. “ಒಂದು ಮಳೆಗಾಲ ನೋಡೋಣ. ಎರಡೂ ಗದ್ದೆ ನಾಟಿ ಮಾಡಿ, ಮನೆಗೆ ಬೇಕಾದಷ್ಟು ಅಕ್ಕಿ ಬೆಳೆದ್ರೆ ಇರೋಣ. ಆಗ್ಲಿಲ್ಲ ಅಂದ್ರೆ ಮಾಚೇನಹಳ್ಳಿಗೇ ವಾಪಸ್ ಬರೋಣ.” ನಾನು ತಕ್ಷಣ ಒಪ್ಪಿದೆ. ಒಂದು ಮಳೆಗಾಲ ತಡೆದುಕೊಂಡರೆ ಸಾಕು, ಇವಳು ಸೋತು ಕೂರುತ್ತಾಳೆ, ನಾನು ನನ್ನ ಭದ್ರಾವತಿಗೆ ಹಿಂದಿರುಗುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಭದ್ರಾವತಿಯ ಪಕ್ಕದ ಮನೆಯ ತಮಿಳಿನವಳು, ಇಪ್ಪತ್ತು ವರ್ಷ ನಲ್ಲಿಗಾಗಿ ನನ್ನ ಜೊತೆ ಜಗಳವಾಡಿದವಳು, ಸಾಮಾನು ಗಾಡಿಗೆ ಹೇರುವಾಗ ಬಂದು ನಿಂತು, “ಅಕ್ಕಾ, ನೀ ಹೋದ್ರೆ ನಾ ಯಾರ ಜೊತೆ ಜಗ್ಳ ಆಡ್ಲಿ?” ಎಂದಳು. ಮಳೆಗಾಲ ಮುಗಿದ ಮೇಲೆ ಬರುತ್ತೇನೆ, ಅಲ್ಲಿಯವರೆಗೆ ಗಂಡನ ಜೊತೆ ಆಡು ಎಂದು ಹೇಳಿ ಗಾಡಿ ಹತ್ತಿದೆ.

ಹಳ್ಳಿಗೆ ಹೋದ ಮೂರನೇ ದಿನ ಪಕ್ಕದ ಮನೆಯವಳು ಹಿತ್ತಿಲ ಬಾಗಿಲಿನಿಂದ ನೇರವಾಗಿ ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಇವಳು ನನ್ನ ಓರಗೆಯವಳು. ನಾನೂ ಅವಳೂ ಒಂದೇ ವರ್ಷ ಆ ಬೀದಿಗೆ ಸೊಸೆಯಾಗಿ ಬಂದದ್ದು. ಆಗಲೂ ಮುಚ್ಚಳ ತೆಗೆಯುತ್ತಿದ್ದಳು. ನಾವು ಭದ್ರಾವತಿಯಲ್ಲಿದ್ದಷ್ಟು ವರ್ಷ ನಮ್ಮ ಗದ್ದೆಯನ್ನು ಉಳುತ್ತಿದ್ದದ್ದು ಇವಳ ಗಂಡನೇ. ಸೊಸೆಗೆ ಅವಳು ಬಂದದ್ದೇ ಸಂಭ್ರಮ.

“ನೋಡಿದ್ರಾ ಅತ್ತೆ, ಎಷ್ಟು ಸಲಿಗೆ! ಸಿಟಿಯಲ್ಲಿ ಹೀಗೆ ಯಾರಾದ್ರೂ ಬರ್ತಾರಾ?”

“ಬಂದಿದ್ದು ನಿನ್ನ ನೋಡೋಕಲ್ಲ. ಸಾರಿಗೆ ತೊಗರಿಬೇಳೆ ಹಾಕ್ತೀಯಾ, ಹೆಸರುಬೇಳೆ ಹಾಕ್ತೀಯಾ ಅಂತ ನೋಡೋಕೆ.”

ಸಂಜೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಬಟ್ಟೆ ಒಗೆಯಲು ಮಷೀನಿದೆ, ಅಜ್ಜಿ ಹಗಲು ಹೊತ್ತಿನಲ್ಲಿ ಮಲಗುತ್ತಾಳೆ, ಸಾರಿಗೆ ಬೆಲ್ಲ ಹಾಕುತ್ತಾರೆ ಎಂಬುದು ಇಡೀ ಬೀದಿಗೆ ಗೊತ್ತಾಗಿತ್ತು. ಸೊಸೆ ಇದನ್ನೂ ಪ್ರೀತಿಯ ಲೆಕ್ಕಕ್ಕೇ ಸೇರಿಸಿದಳು. ಭದ್ರಾವತಿಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು, ಸಿಟ್ಟು ಬಂದರೆ ಹಾಕಿಕೊಳ್ಳಲು ಬಾಗಿಲಿತ್ತು. ನನಗೆ ಗೊತ್ತಿರುವ ಸುಖ ಅಷ್ಟೇ. ಹಳ್ಳಿಯಲ್ಲಿ ಬಾಗಿಲು ಹಾಕಿದರೆ ಯಾರೋ ಸತ್ತಿದ್ದಾರೆಂದು ಬಂದು ಬಡಿಯುತ್ತಾರೆ.

ಮಳೆ ಹಿಡಿಯಿತು. ಸಸಿಮಡಿಯಲ್ಲಿ ಬಿತ್ತಿದ ಭತ್ತ ಕಿತ್ತು ನೆಡುವಷ್ಟು ಬೆಳೆಯಿತು. ನಮ್ಮದು ಎರಡು ಗದ್ದೆ, ಕೆಳಗಿನದು ಒಂದು, ಮೇಲಿನದು ಒಂದು. ಎರಡೂ ಮೆಟ್ಟಿಲು ಮೆಟ್ಟಿಲಾಗಿರುವ ಸಣ್ಣ ತುಂಡುಗಳು, ನಾಟಿ ಮಾಡುವ ಮಷೀನು ಅಲ್ಲಿ ತಿರುಗುವುದಿಲ್ಲ. ಬಯಲುಸೀಮೆಯಿಂದ ಬರುವ ಕೂಲಿಯವರ ಗುಂಪುಗಳು ದೊಡ್ಡ ಜಮೀನಿನವರ ಕಡೆ ಹೋಗುತ್ತವೆ. ನಮ್ಮಂಥವರಿಗೆ ಇರುವುದು ಮುಯ್ಯಾಳು ಒಂದೇ. ಇವತ್ತು ನೀವು ನಮ್ಮ ಗದ್ದೆಗೆ ಇಳಿಯುತ್ತೀರಿ, ನಾಳೆ ನಾನು ನಿಮ್ಮ ಗದ್ದೆಗೆ ಇಳಿಯುತ್ತೇನೆ. ಕೂಲಿ ಇಲ್ಲ. ಮಧ್ಯಾಹ್ನ ಊಟ ಹಾಕಬೇಕು, ಎರಡು ಸಲ ಕಾಫಿ ಕೊಡಬೇಕು, ಎಲೆ ಅಡಿಕೆ ಇಡಬೇಕು. ಸಂಜೆ ಹೊರಡುವಾಗ ಕೈಗೆ ಏನನ್ನೂ ಕೊಡಬಾರದು. ಕೊಟ್ಟರೆ ಅಲ್ಲಿಗೆ ಮುಗಿಯಿತು. ‘ನೀವು ಮಾಡಿದ್ದಕ್ಕೆ ಇಗೋ ಇದು, ನಾನು ನಿಮ್ಮ ಗದ್ದೆಗೆ ಬರುವುದಿಲ್ಲ’ ಎಂದು ಹೇಳಿದ ಹಾಗೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಅಲ್ಲಿ ಹುಟ್ಟಿದವರಿಗೆ ಹಾಗೇ ಗೊತ್ತಿರುತ್ತದೆ. ಸೊಸೆಯಾಗಿ ಬಂದವರಿಗೆ ಅತ್ತೆ ಹೇಳಬೇಕು.

ನಾನು ಹೇಳಲಿಲ್ಲ.

ಕೆಳಗಿನ ಗದ್ದೆಯ ನಾಟಿಯ ಹಿಂದಿನ ದಿನ ಮಧ್ಯಾಹ್ನ ಸೊಸೆ ನನ್ನ ಮುಂದೆ ಹನ್ನೊಂದು ಬಣ್ಣದ ಚೀಲ ಸಾಲಾಗಿ ಇಟ್ಟಳು. ಗಾಂಧಿ ಬಜಾರಿನಿಂದ ತರಿಸಿದ್ದು. ಒಂದೊಂದರಲ್ಲೂ ಒಂದು ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಎರಡು ಲಾಡು, ಮೇಲೆ ಒಂದು ರವಿಕೆ ಕಣ. ಚೀಲದ ಮೇಲೆ ‘ಧನ್ಯವಾದಗಳು’ ಎಂದು ಅಂಟಿಸಿದ್ದಳು. ಪೇಟೆಯಲ್ಲಿ ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಬಂದವರಿಗೆ ಕೊಡುತ್ತಾರಲ್ಲ, ಆ ರಿಟರ್ನ್ ಗಿಫ್ಟು.

“ಹೇಗಿದೆ ಅತ್ತೆ? ನಾಳೆ ಬರೋರಿಗೆ.”

ನಾನು ಚೀಲವನ್ನು ನೋಡಿದೆ, ಅವಳ ಮುಖ ನೋಡಿದೆ. “ಚೆನ್ನಾಗಿದೆ” ಎಂದೆ.

ಮಾರನೇ ದಿನ ಹನ್ನೊಂದು ಹೆಂಗಸರು ಬಂದರು, ಸಂಜೆಯೊಳಗೆ ಕೆಳಗಿನ ಗದ್ದೆ ಮುಗಿಸಿದರು. ಕೈಕಾಲು ತೊಳೆದು ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಸೊಸೆ ನಗುನಗುತ್ತ ಚೀಲ ಹಂಚಿದಳು. ಪಕ್ಕದ ಮನೆಯವಳು ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಕೇಳಿದಳು.

“ಇದೇನಮ್ಮ?”

“ನಿಮಗೇ ಅಮ್ಮ. ಸುಮ್ನೆ, ನೆನಪಿಗೆ.”

ಅವಳು ನನ್ನ ಕಡೆ ತಿರುಗಿದಳು. “ನೀನೂ ಮನೇಲೇ ಇದ್ದೀಯಲ್ಲೇ ಮಾರಾಯ್ತಿ?”

“ಇದ್ದೀನಿ. ಕಣ್ಣಿಗೆ ಕಾಣಲ್ವಾ?” ಎಂದು ನಾನು ಅಡಿಕೆ ಹೋಳು ಆರಿಸುತ್ತ ಕೂತೆ.

ಅವಳು ಚೀಲ ಹಿಡಿದೇ ಎದ್ದಳು. ಹಿಂದೆಯೇ ಉಳಿದವರೂ ಎದ್ದರು. ಸೊಸೆ ಅಂಗಳದ ತುದಿಯವರೆಗೂ ಹೋಗಿ ಕೈ ಬೀಸಿದಳು, ಮದುವೆ ದಿಬ್ಬಣ ಕಳಿಸುವವಳ ಹಾಗೆ.

ಮರುದಿನದಿಂದ ಬೇರೆಯವರ ಗದ್ದೆಗಳು ಶುರುವಾದವು. ಸೊಸೆ ಹೊಸ ಗಂಬೂಟು ಹಾಕಿಕೊಂಡು, ಮಳೆಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು, ಕರೆಯುತ್ತಾರೆಂದು ಜಗುಲಿಯಲ್ಲಿ ಕೂತಳು. ಹೆಂಗಸರು ನಮ್ಮ ಮನೆಯ ಮುಂದೆಯೇ ಹಾದು ಹೋದರು. ಇವಳು ಎದ್ದು ನಿಂತು, “ನಾನೂ ಬರ್ಲಾ?” ಎಂದು ಕೇಳಿದಳು. “ಅಯ್ಯೋ, ನಿಮಗ್ಯಾಕಮ್ಮ ಕಷ್ಟ, ಆರಾಮಾಗಿರಿ” ಎಂದು ಹೇಳಿ ಹೋದರು. ಅವಳು ಒಳಗೆ ಬಂದು ನನಗೆ ಹೇಳಿದ್ದು ಕೇಳಿ: “ನನಗೆ ಅಭ್ಯಾಸ ಇಲ್ಲ ಅಂತ ಕರೀತಿಲ್ಲ ಅತ್ತೆ. ಎಷ್ಟು ಒಳ್ಳೆಯವರು.” ನಾನು ಸೆರಗು ಬಾಯಿಗೆ ಹಿಡಿದು ಕೆಮ್ಮಿದ ಹಾಗೆ ಮಾಡಿದೆ. ಇಂಥ ದಡ್ಡಿಯನ್ನು ನನ್ನ ಮಗ ಎಲ್ಲಿಂದ ಹುಡುಕಿ ತಂದ ಎಂದು ಆಶ್ಚರ್ಯವಾಯಿತು.

ಮೂರು ದಿನ ಕಳೆಯಿತು, ನಾಲ್ಕು ಕಳೆಯಿತು. ಮೇಲಿನ ಗದ್ದೆ ಉತ್ತು ಕೆಸರು ಮಾಡಿಟ್ಟದ್ದು ಹಾಗೇ ಇತ್ತು. ಸಸಿಮಡಿಯಲ್ಲಿ ಸಸಿಗಳು ಉದ್ದವಾಗಿ ಬಾಗತೊಡಗಿದವು. ಸಸಿ ಬಲಿತು ಗಂಟು ಕಟ್ಟಿದ ಮೇಲೆ ನೆಟ್ಟರೆ ಮರಿ ಒಡೆಯುವುದಿಲ್ಲ, ಹುಲ್ಲು ಸಿಗುತ್ತದೆ, ಭತ್ತ ಸಿಗುವುದಿಲ್ಲ. ಮಗ ಮನೆಮನೆಗೆ ಹೋಗಿ ಕೇಳಿದ. ಒಬ್ಬರು ‘ನಮ್ಮನೇದು ಮುಗೀಲಿ’ ಎಂದರು. ಇನ್ನೊಬ್ಬರಿಗೆ ಸೊಂಟ ನೋವು. ಮತ್ತೊಬ್ಬರಿಗೆ ಕುಂಸಿಯಲ್ಲಿ ನೆಂಟರ ಮನೆಯ ತಿಥಿ. ಯಾರೂ ಬರುವುದಿಲ್ಲ ಎನ್ನಲಿಲ್ಲ. ಹಳ್ಳಿಯವರು ಹಾಗೆ ಹೇಳುವುದಿಲ್ಲ, ನಗುತ್ತ ಕಾಫಿ ಕೊಟ್ಟು ಕಳಿಸುತ್ತಾರೆ. ಎಷ್ಟು ಮನೆಯಲ್ಲಿ ಕಾಫಿ ಕುಡಿದನೋ, ಆ ದಿನ ಅವನು ಊಟ ಮಾಡಲಿಲ್ಲ.

ಆರನೇ ದಿನ ಗಂಡ ಹೆಂಡತಿ ಇಬ್ಬರೇ ಮೇಲಿನ ಗದ್ದೆಗೆ ಇಳಿದರು. ನಾನು ಕೊಡೆ ಹಿಡಿದು ಅಂಚಿನ ಮೇಲೆ ಕೂತು ನೋಡಿದೆ. ಸೊಸೆಯ ಗಂಬೂಟು ಕೆಸರಲ್ಲಿ ಕಚ್ಚಿಕೊಂಡು ಬರಲೇ ಇಲ್ಲ, ಅದನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ನಿಂತಳು. ಅವಳು ನೆಟ್ಟ ಸಸಿ ಅವಳು ಮುಂದಕ್ಕೆ ಹೋದ ಕೂಡಲೇ ನೀರಿನ ಮೇಲೆ ತೇಲಿ ಬರುತ್ತಿತ್ತು. ಸಂಜೆಯವರೆಗೆ ಒಂದು ಚಾಪೆ ಹಾಸುವಷ್ಟು ಜಾಗವೂ ಆಗಲಿಲ್ಲ. ಬಚ್ಚಲಲ್ಲಿ ಅವಳು ಬಹಳ ಹೊತ್ತು ಕಾಲು ತೊಳೆಯುತ್ತ ಕೂತಿದ್ದಳು. ಆಮೇಲೆ ಬಂದು ನನ್ನ ಪಕ್ಕ ಕೂತಳು.

“ಅತ್ತೆ, ನಾನೇನೋ ತಪ್ಪು ಮಾಡಿದ್ದೀನಿ. ನಿಮಗೆ ಗೊತ್ತಿರುತ್ತೆ. ಹೇಳಿ.”

“ನನಗೇನು ಗೊತ್ತು? ನಾನು ಭದ್ರಾವತಿಯೋಳು.”

“ನನಗೆ ಇದೆಲ್ಲ ಬರಲ್ಲ ಅನ್ಸುತ್ತೆ” ಎಂದು ಎದ್ದು ಹೋದಳು. ಎಂಟನೇ ದಿನ ಬೆಳಿಗ್ಗೆ ಮಗ ಫೋನಿನಲ್ಲಿ ಮಾಚೇನಹಳ್ಳಿಯವರ ಜೊತೆ ಮಾತಾಡುತ್ತಿದ್ದ. ಇನ್ನು ನಾಲ್ಕು ದಿನ ಬಿಟ್ಟು ತಿಳಿಸುತ್ತೇನೆ ಎನ್ನುತ್ತಿದ್ದ. ಗೆದ್ದೆ ಎಂದುಕೊಂಡು ನಾನು ನನ್ನ ಸೀರೆಗಳನ್ನು ಮಡಚಿಡಲು ಶುರು ಮಾಡಿದೆ.

ಅಷ್ಟರಲ್ಲಿ ಪಕ್ಕದ ಮನೆಯವಳು ಹಿತ್ತಿಲ ಬೇಲಿಯ ಹತ್ತಿರ ನಿಂತು ಕರೆದಳು. ಆ ದಿನ ಅವಳದೇ ಗದ್ದೆಯ ನಾಟಿ, ಗಡಿಬಿಡಿಯಲ್ಲಿದ್ದಳು. ಆದರೂ ನಿಂತಳು.

“ಏನೇ, ಗಂಟು ಮೂಟೆ ಕಟ್ಟಿ ಆಯ್ತಾ?”

“ಯಾರು ಹೇಳಿದ್ರು ನಿಂಗೆ?”

“ಹೇಳಬೇಕಾ? ನೀನು ಅವತ್ತು ಬಾಯಿ ಬಿಡದೇ ಇದ್ದಿದ್ದು ಒಳ್ಳೇದೇ ಆಯ್ತು ಬಿಡು. ನಿಂಗೂ ಇಲ್ಲಿ ಬೇಡ, ನಮಗೂ ಗದ್ದೆ ಸಿಕ್ಕಂಗಾಯ್ತು. ಮೊದಲಿನ ಹಾಗೆ ನಾವೇ ಮಾಡ್ಕೊಂಡು ಹೋಗ್ತೀವಿ. ನಾವಿಬ್ರೂ ಹಳಬರು, ನಮಗೆ ನಮಗೆ ಅರ್ಥ ಆಗುತ್ತೆ.”

ಹೀಗೆ ಹೇಳಿ ಕಣ್ಣು ಮಿಟುಕಿಸಿದಳು. ಅರವತ್ತೆಂಟು ವರ್ಷದ ಮುದುಕಿ, ನನಗೆ ಕಣ್ಣು ಮಿಟುಕಿಸಿದಳು!

ನನಗೆ ಆದ ಅಸಹ್ಯವನ್ನು ಹೇಗೆ ಹೇಳಲಿ? ಪರರ ಮನೆಯ ಮುಚ್ಚಳ ತೆಗೆಯುವ ಈ ಹೆಂಗಸೂ ನಾನೂ ಒಂದೇ ಪಾರ್ಟಿ. ಎಂಟು ದಿನದಿಂದ ನಾನು ಇವಳ ಕೆಲಸವನ್ನೇ ಇವಳಿಗಿಂತ ಚೆನ್ನಾಗಿ ಮಾಡಿಕೊಟ್ಟಿದ್ದೆ. ಸೊಸೆ ದಡ್ಡಿ, ಅದು ಸರಿ. ಆದರೆ ನನ್ನನ್ನು ಇವಳು ತನ್ನ ಜೊತೆಯವಳು ಎಂದುಕೊಂಡದ್ದನ್ನು ಸಹಿಸುವುದಕ್ಕಿಂತ ಆ ದಡ್ಡಿಯ ಜೊತೆ ಕೆಸರಲ್ಲಿ ಬೀಳುವುದು ಮೇಲು ಅನ್ನಿಸಿತು. ಇದನ್ನು ಸೊಸೆಯ ಮೇಲಿನ ಪ್ರೀತಿ ಎಂದು ಯಾರೂ ತಿಳಿಯಬೇಡಿ.

ಒಳಗೆ ಹೋದೆ. ಸೊಸೆ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ, ಚೀಲ ಕೊಟ್ಟದ್ದರಿಂದ ಏನಾಯಿತು, ಯಾಕೆ ಯಾರೂ ಬರುತ್ತಿಲ್ಲ ಎಂದು. ಅವಳು ಕೇಳಿಸಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು.

“ನಾನು ಚೀಲ ತೋರಿಸಿದಾಗ್ಲೇ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಕಿರುಚುತ್ತಾಳೆ ಎಂದುಕೊಂಡಿದ್ದೆ. ಅವಳು ಗ್ಯಾಸ್ ಆರಿಸಿ, ಕೈ ಒರೆಸಿಕೊಂಡು, “ಇವತ್ತು ಯಾರ ಗದ್ದೆ?” ಎಂದು ಕೇಳಿದಳು. ಪಕ್ಕದವಳದು ಎಂದೆ. ಸೀರೆ ಎತ್ತಿ ಕಟ್ಟಿಕೊಂಡು, ಬರಿಗಾಲಲ್ಲೇ ಹೊರಟುಹೋದಳು. ನಾನು ಹಿಂದೆಯೇ ಹೋದೆ. ಹಿಂದೆ ಎಂದರೆ ಬಹಳ ಹಿಂದೆ, ನನ್ನ ಮಂಡಿಗೆ ಅಷ್ಟು ವೇಗವಿಲ್ಲ. ನಾನು ಅಂಚಿಗೆ ಬರುವಷ್ಟರಲ್ಲಿ ಅವಳು ಗದ್ದೆಯೊಳಗೆ ಇಳಿದಾಗಿತ್ತು. ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು.

“ಏನಮ್ಮ, ದಾರಿ ತಪ್ಪಿತಾ?” ಎಂದಳು ಪಕ್ಕದವಳು.

“ಮುಯ್ಯಾಳಿಗೆ ಬಂದೆ.”

“ಅದನ್ನ ಚೀಲ ಕೊಟ್ಟು ತೀರಿಸಿದ್ಯಲ್ಲ.”

“ಅದು ತಿಂಡಿ ಅಮ್ಮ, ತಿಂದು ಮುಗೀತು. ನನಗೆ ಗೊತ್ತಿರ್ಲಿಲ್ಲ, ಈಗ ಗೊತ್ತಾಯ್ತು. ಹನ್ನೊಂದು ಜನ ಬಂದಿದ್ರಿ. ನಾನು ಹನ್ನೊಂದು ದಿನ ಬರ್ತೀನಿ.”

ಒಬ್ಬಳು ನಕ್ಕಳು. “ಹನ್ನೊಂದು ದಿನ ಬಂದ್ರೆ ಹನ್ನೆರಡನೇ ದಿನ ಆಸ್ಪತ್ರೆಗೆ ಹೋಗ್ಬೇಕಾಗುತ್ತೆ ಮಾರಾಯ್ತಿ” ಎಂದಳು. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು, ಬಗ್ಗಿ ಒಂದು ಕಟ್ಟು ಸಸಿ ಎತ್ತಿಕೊಂಡಳು. ಗದ್ದೆಗೆ ಕಾಲಿಟ್ಟವರನ್ನು ಎದ್ದು ಹೋಗು ಎನ್ನುವ ಧೈರ್ಯ ಆ ಊರಲ್ಲಿ ಯಾರಿಗೂ ಇಲ್ಲ. ಹಾಗೆ ಅಂದರೆ ಮುಂದಿನ ವರ್ಷ ಅವರ ಗದ್ದೆಗೆ ಇಳಿಯಲು ಹತ್ತು ಜನ ಹಿಂದೆ ಮುಂದೆ ನೋಡುತ್ತಾರೆ. ಪಕ್ಕದವಳಿಗೆ ಅದು ಗೊತ್ತಿತ್ತು, ಮತ್ತೆ ಬಗ್ಗಿ ನೆಡತೊಡಗಿದಳು. ನಾನು ಚಪ್ಪಲಿ ಬಿಟ್ಟು ಇಳಿದೆ.

“ನೀನ್ಯಾಕೆ ಇಳಿದೆ?” ಎಂದು ಪಕ್ಕದವಳು ಸಿಟ್ಟು ನನ್ನ ಮೇಲೆ ತೀರಿಸಿಕೊಂಡಳು. “ಬಿದ್ರೆ ಎತ್ತೋಕೆ ನಾಲ್ಕು ಜನ ಬೇಕು.”

“ಹೆಣ ಎತ್ತೋಕೂ ನಾಲ್ಕೇ ಜನ. ಇದ್ದಾರಲ್ಲ ಇಲ್ಲಿ. ಸಸಿ ಕೊಡು.”

ನಲವತ್ತು ವರ್ಷವಾದರೂ ಕೈಗೆ ನಾಟಿ ಮರೆತಿರಲಿಲ್ಲ. ಸೊಂಟಕ್ಕೆ ಮರೆತಿತ್ತು. ಎರಡು ಸಾಲು ನೆಟ್ಟು ಅಂಚಿಗೆ ಬಂದು ಕೂತೆ. ಪಕ್ಕದ ಸಾಲಿನ ಹುಡುಗಿಯೊಬ್ಬಳು ಸೊಸೆಯ ಕೈ ಹಿಡಿದು, “ಹಾಗಲ್ಲ, ಹೆಬ್ಬೆಟ್ಟಲ್ಲಿ ಒತ್ತಿ, ಬೇರು ಕೆಸರು ಹಿಡೀಬೇಕು” ಎಂದು ತೋರಿಸುತ್ತಿದ್ದಳು. ಅದನ್ನು ತೋರಿಸಬೇಕಾಗಿದ್ದವಳು, ಅವತ್ತು ಕೊಡೆ ಹಿಡಿದು ಕೂತಿದ್ದ ನಾನು.

ಮರುದಿನ ಇನ್ನೊಬ್ಬರ ಗದ್ದೆಗೆ ಹೋದಳು, ಅದರ ಮರುದಿನ ಮತ್ತೊಬ್ಬರದಕ್ಕೆ. ಮೂರು ದಿನ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಮಾತ್ರೆ ಎದುರಿಗಿಡುತ್ತಿದ್ದಳು. ಹಳ್ಳಿ, ಹಕ್ಕಿ, ಗಾಳಿ ಎಂಬ ಮಾತೂ ಇಲ್ಲ. ಫೋನು ಬೀರುವಿನಲ್ಲಿ ಬಿದ್ದಿತ್ತು. ಬೆರಳ ಸಂದಿ ಕೊಳೆತು ಬಿಳಿಯಾಗಿತ್ತು, ಅದಕ್ಕೆ ಎಣ್ಣೆ ಅರಿಸಿನ ಹಚ್ಚಿಕೊಂಡು ಮಲಗುತ್ತಿದ್ದಳು. ಹೀಗೆ ಮಾಡು ಎಂದು ಹೇಳಿಕೊಟ್ಟವಳೂ ನಾನಲ್ಲ.

ನಾಲ್ಕನೇ ದಿನ ನಮ್ಮ ಮೇಲಿನ ಗದ್ದೆಗೆ ಏಳು ಜನ ಬಂದರು. ಹನ್ನೊಂದಲ್ಲ. ಪಕ್ಕದವಳು ಅಷ್ಟು ಜನ ಹೋದದ್ದನ್ನು ಬೇಲಿಯ ಸಂದಿಯಿಂದ ನೋಡಿ, ತಾನು ಉಳಿದರೆ ಊರವರ ಬಾಯಿಗೆ ಬೀಳುತ್ತೇನೆಂದು ಹೆದರಿ, ಹೊತ್ತೇರಿದ ಮೇಲೆ ಎಂಟನೆಯವಳಾಗಿ ಬಂದಳು. ಇದೇ ಇವರ ಅನ್ಯೋನ್ಯ. ಪ್ರೀತಿಯಿಂದ ಬರುವವರು ಇಬ್ಬರಿದ್ದರೆ, ಮಾತಿಗೆ ಹೆದರಿ ಬರುವವರು ಆರು ಜನ. ಆದರೆ ಯಾವ ಕೈ ನೆಟ್ಟರೂ ಸಸಿ ನಿಂತಿತು. ಸಸಿ ಬಲಿತಿತ್ತು, ಫಸಲು ಕಡಿಮೆಯಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಮನೆಗೆ ಸಾಕಾಗುವಷ್ಟು ಬಂದೀತು ಎಂದು ಮಗ ಮೆಲ್ಲಗೆ ಅಂದ.

ಮಧ್ಯಾಹ್ನ ನಾನು ಅನ್ನ, ಹುರುಳಿ ಸಾರು ಹೊತ್ತುಕೊಂಡು ಹೋದೆ. ಮಗನ ಫೋನು ರಿಂಗಾಯಿತು, ಮಾಚೇನಹಳ್ಳಿಯವರು. ಅವನು ಫೋನನ್ನು ಎದೆಗೆ ಒತ್ತಿ ಹಿಡಿದು ಹೆಂಡತಿಯ ಕಡೆ ನೋಡಿದ. ಅವಳು ಗದ್ದೆಯ ನಡುವೆ ಮೊಣಕಾಲವರೆಗೆ ಕೆಸರಲ್ಲಿ ನಿಂತಿದ್ದಳು.

“ಬರಲ್ಲ ಅನ್ನಿ” ಎಂದಳು.

ಅವನು ಅಷ್ಟೇ ಹೇಳಿ ಫೋನು ಜೇಬಿಗಿಟ್ಟ. ನನ್ನನ್ನು ಯಾರೂ ಕೇಳಲಿಲ್ಲ.

ಎಲ್ಲರೂ ಅಂಚಿನ ಮೇಲೆ ಊಟಕ್ಕೆ ಕೂತರು. ಪಕ್ಕದವಳು ಮೊದಲ ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

“ಸಾರು ಉಪ್ಪೋ ಉಪ್ಪು ಕಣೇ. ಭದ್ರಾವತೀಲಿ ಹೀಗೇ ತಿಂತಿದ್ರಾ?”

ನಾನು ಬಾಯಿ ತೆರೆಯುವ ಮೊದಲೇ ಸೊಸೆ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು.

“ನಮ್ಮತ್ತೆ ಕೈಯೇ ಹಾಗೆ. ಒಂದೋ ಹಾಕೋದೇ ಇಲ್ಲ, ಇಲ್ಲಾಂದ್ರೆ ಸುರೀತಾರೆ. ತಿನ್ನಿ, ಅಭ್ಯಾಸ ಆಗುತ್ತೆ.”

ಹೆಂಗಸರು ಅನ್ನ ನೆತ್ತಿಗೇರುವಷ್ಟು ನಕ್ಕರು. ನನ್ನನ್ನು ಹೀಗೆ ಊರ ಮುಂದೆ ಆಡಿಕೊಳ್ಳುವ ಧೈರ್ಯ ನನ್ನ ಗಂಡನಿಗೂ ಇರಲಿಲ್ಲ. ನಾಲ್ಕು ದಿನದಲ್ಲಿ ಅವಳು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು. ನಾನು ಅವಳ ತಟ್ಟೆಗೆ ಅದೇ ಸಾರನ್ನು ಇನ್ನೊಂದು ಸೌಟು ಹಾಕಿದೆ. ಬೇಡ ಎನ್ನದೆ ಕಲಸಿಕೊಂಡು ಉಂಡಳು.